ಪ್ರಾಕ್ಟೀಸಿಗೆ ಕೊಟ್ಟ ಕಾಲು

ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವುದು ನನ್ನ ಗಂಡನ ಬಲ ಮೊಣಕಾಲು. ಅವರು ಹಾಸಿಗೆಯಿಂದ ಕಾಲು ಕೆಳಗಿಟ್ಟ ಕೂಡಲೇ ಅದು ಕಟಕ್ಕೆನ್ನುತ್ತದೆ. ನಾನು ಕಣ್ಣು ಮುಚ್ಚಿಕೊಂಡೇ ಇರುತ್ತೇನೆ. ಇನ್ನು ಅವರು ಗೋಡೆ ಹಿಡಿದು ನಿಲ್ಲಬೇಕು, ನೋವಿನ ಎಣ್ಣೆಯ ಬಾಟಲಿ ಹುಡುಕಬೇಕು, ಅದು ಸಿಗದೆ ನನ್ನನ್ನು ಕರೆಯಬೇಕು.

"ಎದ್ದಿದ್ದೀಯಾ?"

"ಇಲ್ಲ."

"ಹಾಗಾದರೆ ಎಣ್ಣೆ ಎಲ್ಲಿ ಉಂಟು ಅಂತ ನಿದ್ದೆಯಲ್ಲೇ ಹೇಳು."

ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಬರೆಯುವಾಗ ಕನ್ನಡಕ್ಕೆ ತಂದುಕೊಂಡಿದ್ದೇನೆ. ಮಗಳು ಎರಡನ್ನೂ ಅರ್ಥ ಮಾಡಿಕೊಂಡು ಉತ್ತರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಅವಳು ಕುವೈತಿನ ಜಾಬ್ರಿಯಾದಲ್ಲಿ, ನಮ್ಮ ಮನೆಯ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಡಾಕ್ಟರ್. ಒಂದು ಕಾಲದಲ್ಲಿ ಅವಳು ನಮ್ಮ ಇಕಾಮಾದಲ್ಲಿದ್ದಳು, ಎಂದರೆ ನಮ್ಮ ಹೆಸರಿನ ವಾಸದ ಪರವಾನಗಿಯಲ್ಲಿ, ಈಗ ನಾವು ಅವಳ ಇಕಾಮಾದಲ್ಲಿದ್ದೇವೆ. ಮುದಿತನ ಎಂದರೆ ಮುಖ್ಯವಾಗಿ ಇದೇ ಎಂದು ನನಗೆ ಆಗಾಗ ಅನ್ನಿಸುತ್ತದೆ.

ನನ್ನ ಗಂಡ ಕಬಡ್ಡಿ ಆಟಗಾರ. "ಆಗಿದ್ದರು" ಎಂದು ಬರೆಯುವುದು ಗ್ರಾಮರ್ ಪ್ರಕಾರ ಸರಿ, ಮನಸ್ಸು ಒಪ್ಪುವುದಿಲ್ಲ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರ್‌ಗಳು ನಮಗೆ ಥ್ರೋಬಾಲ್ ಕಲಿಸಿದರು, ಎಲೊಕ್ಯೂಶನ್ ಕಲಿಸಿದರು, ಗಂಡಸರು ಬನಿಯನ್ ಹಾಕಿಕೊಂಡು ಆಡುವ ಮೈದಾನದ ಪಕ್ಕ ಹೋಗುವಾಗ ಮುಖ ಆಚೆ ತಿರುಗಿಸಿಕೊಂಡು ನಡೆಯಲು ಕಲಿಸಿದರು. ಕೊನೆಯದರಲ್ಲಿ ನಾನು ಫೇಲ್. ಒಂದು ಸಂಜೆ ಬಸ್ ತಪ್ಪಿಸಿಕೊಂಡು ಕಾಯುತ್ತಿದ್ದಾಗ ಎದುರಿನ ಮೈದಾನದಲ್ಲಿ ಒಬ್ಬ ಮನುಷ್ಯ ನಾಲ್ಕು ಜನರನ್ನು ಮೈಮೇಲೆ ಹೊತ್ತುಕೊಂಡು ಮಧ್ಯದ ಗೆರೆಯತ್ತ ತೆವಳುತ್ತಿದ್ದುದನ್ನು ಕಂಡೆ. ಬಾಯಲ್ಲಿ ಕಬಡ್ಡಿ ಕಬಡ್ಡಿ ಎಂಬ ಮಂತ್ರ, ಬಾಯಿ ತುಂಬ ಕೆಂಪು ಮಣ್ಣು. ಬೆರಳ ತುದಿ ಗೆರೆಗೆ ತಾಗಿತು. ಎದ್ದವರು ಮೊದಲು ಮಾಡಿದ ಕೆಲಸ ತಲೆ ಬಾಚಿಕೊಂಡದ್ದು. ಹೋಪ್‌ಲೆಸ್ ಕೇಸ್ ಎಂದುಕೊಂಡೆ. ಎರಡು ವರ್ಷದ ಮೇಲೆ ಅದೇ ಕೇಸಿನ ಕೈ ಹಿಡಿದೆ.

ಆಗ ಅವರು ಬ್ಯಾಂಕೊಂದರಲ್ಲಿ ಕ್ಲರ್ಕ್. ಕೆಲಸ ಸಿಕ್ಕಿದ್ದೇ ಬ್ಯಾಂಕಿನ ಟೀಮಿಗೆ ಆಡಲಿ ಎಂದು. ಯುದ್ಧ ಮುಗಿದು ಕುವೈತ್ ಮತ್ತೆ ಎದ್ದು ನಿಲ್ಲುತ್ತಿದ್ದಾಗ ನಮ್ಮ ಕಡೆಯ ಮ್ಯಾನೇಜರ್ ಒಬ್ಬರು ಅವರನ್ನು ಸುಲೈಬಿಯಾದ ಗೋದಾಮಿಗೆ ಸ್ಟೋರ್‌ಕೀಪರ್ ಆಗಿ ಕರೆಸಿಕೊಂಡರು. ಆ ಮ್ಯಾನೇಜರರ ಕಣ್ಣೂ ಸ್ಟೋರಿನ ಮೇಲಿರಲಿಲ್ಲ, ಶುಕ್ರವಾರದ ಕಬಡ್ಡಿಯ ಮೇಲಿತ್ತು. ಹಾಗೆ ನಾವು ಬಂದೆವು. ನಾನು ಇಂಡಿಯನ್ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿದೆ, ಅವರು ಮರಳಿನ ಮೇಲೆ ಆಡಿದರು. ಆಡಲು ಆಗದಾದಾಗ ಕೋಚ್ ಆದರು. ನಾನು ರಿಟೈರ್ ಆದೆ, ಅವರು ಆಗಲಿಲ್ಲ. ಗೋದಾಮಿನ ಕೆಲಸ ಬಿಟ್ಟ ಮೇಲೂ ಪ್ರತಿ ಶುಕ್ರವಾರ ಟೀಮಿನ ನಾಯಕ ಕಾರು ತಂದು ಕೆಳಗೆ ಹಾರ್ನ್ ಹೊಡೆಯುತ್ತಾನೆ. ಇವರು ಕುಂಟುತ್ತಾ ಇಳಿದು ಹೋಗುತ್ತಾರೆ. ಮಧ್ಯಾಹ್ನ ಇಡೀ ಟೀಮನ್ನು ಊಟಕ್ಕೆ ಕರೆದುಕೊಂಡು ಬರುತ್ತಾರೆ. ನಾನು ಕೋರಿರೊಟ್ಟಿಗೆ ಕೋಳಿ ಸಾರು ಕುದಿಸುತ್ತಾ, ಈ ಜನ್ಮದಲ್ಲಿ ಒಂದು ಶುಕ್ರವಾರವಾದರೂ ಬ್ರೆಡ್ ತಿಂದು ಮಲಗುವ ಯೋಗ ಉಂಟಾ ಎಂದು ಯೋಚಿಸುತ್ತೇನೆ.

ಅವರು ಕಲಿಸುವ ರೀತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಬಡ್ಡಿ ಅಂಕಣದ ಎರಡು ಮೂಲೆಗಳಲ್ಲಿ ನಿಲ್ಲುವವರನ್ನು ಕಾರ್ನರ್ ಎನ್ನುತ್ತಾರೆ. ಎದುರಾಳಿ ರೈಡರ್ ಒಳಗೆ ಬಂದು ಕಾಲು ಚಾಚಿದ ಆ ಒಂದು ಗಳಿಗೆಯಲ್ಲಿ ಕಾರ್ನರ್ ನೆಲಕ್ಕೆ ಬಿದ್ದು ಅವನ ಕಣಕಾಲು ಹಿಡಿಯಬೇಕು. ಎರಡೂ ಕೈ ಬೀಗದಂತೆ ಕೂಡಿಸಿ, ಆ ಕಾಲನ್ನು ಎತ್ತಿ ಎದೆಗೆ ಎಳೆದುಕೊಳ್ಳಬೇಕು. ನನ್ನ ಗಂಡ ತಮ್ಮ ಕಾಲದಲ್ಲಿ ಎಡ ಮೂಲೆಯ ಕಾರ್ನರ್. ಆ ಹಿಡಿತವನ್ನು ಅವರು ಬಾಯಲ್ಲಿ ಎಂದೂ ಕಲಿಸಿದವರಲ್ಲ. ತಾವೇ ರೈಡರ್ ಆಗಿ ಅಂಕಣಕ್ಕೆ ಇಳಿದು, ಬಲಗಾಲು ಚಾಚಿ, "ಹಿಡಿ" ಎನ್ನುತ್ತಿದ್ದರು. ಅಷ್ಟೇ ಪಾಠ. ಹಿಡಿತ ಸಡಿಲವಾಗಿದ್ದರೆ ಕಾಲು ಕಿತ್ತುಕೊಂಡು ಓಡುತ್ತಿದ್ದರು. ಸರಿಯಿದ್ದರೆ ಬೀಳುತ್ತಿದ್ದರು. ಅವರ ಕಾಲಿನ ಮೇಲೆ ಕಲಿತ ಕಾರ್ನರ್‌ಗಳು ಇಂದು ಊರಿನಲ್ಲಿ ಅಜ್ಜಂದಿರಾಗಿದ್ದಾರೆ.

ಆ ಕಾಲಿಗೆ ಇನ್ನೊಂದು ಉಪಯೋಗವೂ ಇತ್ತು. ಅಭ್ಯಾಸ ಶುರುವಾಗುವ ಮೊದಲು ಆಟಗಾರರು ಒಬ್ಬೊಬ್ಬರಾಗಿ ಬಂದು ನೆಲ ಮುಟ್ಟಿ, ಗುರುವಿನ ಕಾಲು ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಇದು ನಮ್ಮವರ ಪದ್ಧತಿ, ಕುವೈತಿನ ಮರಳಿಗೂ ಬಂದಿದೆ.

ಕಳೆದ ಬೇಸಿಗೆಯಲ್ಲಿ ಮಗಳು ಅವರನ್ನು ಎಳೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದಳು. ಮೂಳೆಯ ಡಾಕ್ಟರ್ ಚಿತ್ರವನ್ನು ಬೆಳಕಿಗೆ ಹಿಡಿದು, ಈ ಮೊಣಕಾಲಿನಲ್ಲಿ ಇನ್ನು ಸವೆಯಲು ಏನೂ ಉಳಿದಿಲ್ಲ, ಬದಲಾಯಿಸಬೇಕು ಎಂದರು. ನನ್ನ ಗಂಡ ಒಂದೇ ಪ್ರಶ್ನೆ ಕೇಳಿದರು. ಹೊಸ ಮೊಣಕಾಲು ಹಾಕಿದ ಮೇಲೆ ಹುಡುಗರು ಹಿಡಿದು ಎಳೆಯಬಹುದಾ? ಡಾಕ್ಟರ್ ಮಗಳ ಮುಖ ನೋಡಿದರು. ಇನ್ನು ಯಾರೂ ಆ ಕಾಲನ್ನು ಎಳೆಯುವಂತಿಲ್ಲ, ತಿರುಚುವಂತಿಲ್ಲ, ಅದೂ ಈ ವಯಸ್ಸಿನಲ್ಲಿ ಎಂದು ಅವಳೇ ಹೇಳಿದಳು.

"ಹಾಗಾದರೆ ಬೇಡ" ಎಂದು ಇವರು ಎದ್ದರು. ಎದ್ದದ್ದು ಎಂದರೆ, ನನ್ನ ಭುಜ ಹಿಡಿದು ಎದ್ದದ್ದು.

ಸುಮ್ಮನೆ ನೋವು ಕಡಿಮೆಯಾಗಲಿ ಎಂದು ಮಗಳು ಫಿಸಿಯೋಥೆರಪಿಗೆ ಹಾಕಿದಳು. ಅಲ್ಲಿದ್ದವನು ಉತ್ತರ ಇಂಗ್ಲೆಂಡಿನ ಒಬ್ಬ ದೈತ್ಯ, ಕುತ್ತಿಗೆಯೇ ಇಲ್ಲದವನು, ಕಿವಿ ಹಪ್ಪಳ ಮುದುಡಿದ ಹಾಗೆ. ಯೌವನದಲ್ಲಿ ರಗ್ಬಿ ಲೀಗ್ ಆಡಿದವನಂತೆ. ಈಗ ವಾರಕ್ಕೊಮ್ಮೆ ಇಲ್ಲಿನ ಬಿಳಿಯರ ಮಕ್ಕಳಿಗೆ ಅದನ್ನೇ ಕಲಿಸುತ್ತಾನೆ. ಗೋಡೆಯ ಟಿವಿಯಲ್ಲಿ ಅದೇ ಆಟ ಓಡುತ್ತಿತ್ತು. ಒಬ್ಬ ಚೆಂಡು ಅಪ್ಪಿಕೊಂಡು ಬರುವುದು, ನಾಲ್ಕು ಜನ ಅವನನ್ನು ಹಿಡಿದು ಕೆಡವುವುದು. ನನ್ನ ಗಂಡ ಸ್ವಲ್ಪ ಹೊತ್ತು ನೋಡಿ, "ಇದು ನಮ್ಮದೇ ಅಲ್ವಾ? ಒಂದು ಚೆಂಡು ಜಾಸ್ತಿ, ಅಷ್ಟೆ" ಎಂದರು. ನಾನು ಅನುವಾದಿಸಿದೆ. ದೈತ್ಯ ಇವರ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡೇ ನಕ್ಕುಬಿಟ್ಟ. ಆಮೇಲೆ ಇಬ್ಬರೂ ಕೋಚ್‌ಗಳು ನನ್ನ ಮೂಲಕ ಮಾತಾಡಿದರು. ಅವನ ಇಂಗ್ಲಿಷ್ ಅರ್ಧವೂ ನನ್ನ ಕಾನ್ವೆಂಟ್ ಕಿವಿಗೆ ಬೀಳುತ್ತಿರಲಿಲ್ಲ, ಕೈಸನ್ನೆಯಿಂದ ತಿಳಿದುಕೊಂಡೆ. ಅವನು ಪ್ಯಾಂಟು ಮೇಲೆ ಸರಿಸಿ ತನ್ನ ಮೊಣಕಾಲಿನ ಉದ್ದದ ಹೊಲಿಗೆಯ ಗುರುತು ತೋರಿಸಿದ. ಆಪರೇಷನ್ ಆದ ಮೇಲೆ ತಾನು ಯಾರನ್ನೂ ಕೆಡವಿಲ್ಲ, ಯಾರಿಗೂ ಕೆಡವಲು ಬಿಟ್ಟಿಲ್ಲ, ಗೆರೆಯ ಹೊರಗೆ ನಿಂತು ಮಾತಾಡುತ್ತೇನೆ, ಅಷ್ಟೇ ಎಂದ.

"ಮಾತಾಡಿ ಹೇಗೆ ಕಲಿಸ್ತಾನಂತೆ? ಕೇಳು" ಎಂದರು ಇವರು.

ಕೇಳಿದೆ. ಅವನು ಭುಜ ಕುಣಿಸಿದ. ಮೊದಲ ವರ್ಷ ತುಂಬಾ ಕೆಟ್ಟದಾಗಿ ಕಲಿಸಿದೆ ಎಂದ.

ಕಾರಿನಲ್ಲಿ ಬರುವಾಗ ನನ್ನ ಗಂಡ "ಪಾಪ, ಒಳ್ಳೆ ಆಟಗಾರ ಇದ್ದಿರಬೇಕು" ಎಂದರು. ಸತ್ತವರ ಬಗ್ಗೆ ಹೇಳುವ ಧ್ವನಿಯಲ್ಲಿ.

ಚಳಿಗಾಲ ಬಂತು. ಇಲ್ಲಿ ಆಟದ ಕಾಲ ಅದೇ. ನಮ್ಮ ಕಡೆಯವರ ಟೀಮುಗಳೆಲ್ಲ ಸೇರಿ ಆಡುವ ಟೂರ್ನಮೆಂಟ್ ಮುಗಿಯುವ ತನಕ ಆಪರೇಷನ್ ಮಾತೆತ್ತಬಾರದು ಎಂದು ಇವರು ಅಪ್ಪಣೆ ಹೊರಡಿಸಿದರು. ಮಗಳು ನನ್ನೊಡನೆ ಜಗಳಕ್ಕೆ ನಿಂತಳು. "ಅಮ್ಮಾ, ಹಿ ಈಸ್ ಸಿಕ್ಸ್‌ಟಿ ಎಯ್ಟ್! ಬಿದ್ದು ಸೊಂಟ ಮುರಿದುಕೊಂಡರೆ ವಾಟ್ ಡೂ ವಿ ಡೂ? ಯೂ ಟೆಲ್ ಹಿಮ್!" ನಾನು ಹೇಳಿದರೆ ಕೇಳುವ ಗಂಡ ಆಗಿದ್ದರೆ ನಾವು ಕುವೈತಿಗೇ ಬರುತ್ತಿರಲಿಲ್ಲ. ಮಂಗಳೂರಿನಲ್ಲಿ ಬ್ಯಾಂಕಿನ ಪೆನ್ಶನ್ ತೆಗೆದುಕೊಂಡು ಗ್ರೇಸ್‌ಫುಲಿ ಮುದುಕರಾಗುತ್ತಿದ್ದೆವು.

ಒಂದು ಶುಕ್ರವಾರ ಮಗಳಿಗೆ ಸಮಾಧಾನವಾಗಲೆಂದು ನಾನೂ ಅಭ್ಯಾಸ ನೋಡಲು ಹೋದೆ. ಸುಲೈಬಿಯಾದಲ್ಲಿ ಗೋದಾಮುಗಳ ಹಿಂದೆ ಒಂದು ಖಾಲಿ ಜಾಗ. ಮರಳಿನ ಮೇಲೆ ಹಳೆಯ ಮ್ಯಾಟ್ ಹಾಸಿಕೊಂಡಿದ್ದರು. ಟೀಮಿನ ನಾಯಕ ಮಹಬೂಲಾದಲ್ಲಿ ಒಂದು ಹೋಟೆಲಿನ ಕ್ಯಾಶಿಯರ್, ಬಾಯಿಬಡುಕ, ಗಳಿಗೆಗೊಂದು ಜೋಕು. ಎಡ ಮೂಲೆಯ ಕಾರ್ನರ್ ಅದೇ ಸಾಲಿನ ಒಂದು ತಣ್ಣನೆಯ ಗೋದಾಮಿನಲ್ಲಿ ತರಕಾರಿ ಪೆಟ್ಟಿಗೆ ಇಳಿಸುವವನು. ಮೂವತ್ತು ದಾಟಿದ ಗಟ್ಟಿ ಆಳು. ಮಾತು ಕೇಳಬೇಕಾದರೆ ಕಾದು ಕೂರಬೇಕು. ತಮ್ಮ ಹಳೆಯ ಜಾಗದಲ್ಲಿ ನಿಲ್ಲುವವನೆಂದು ನನ್ನ ಗಂಡನಿಗೆ ಅವನ ಮೇಲೆ ಕಣ್ಣು.

ಎಲ್ಲರೂ ಕಾಲು ಮುಟ್ಟಿದರು. ನನ್ನ ಗಂಡ ನಾಯಕನ ಹೆಗಲ ಮೇಲೆ ಕೈಯಿಟ್ಟು ಅಂಕಣಕ್ಕೆ ಇಳಿದರು. ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಚಾಚಿ, "ಯಲ್ಲಾ, ಹಿಡಿ" ಎಂದರು. ಕಾರ್ನರ್ ಹಾರಿ ಕಣಕಾಲಿಗೆ ಕೈ ಹಾಕಿದ. ಹಾಕಿದ ಕೂಡಲೇ ಇವರು ಬಿದ್ದರು.

"ಭೇಷ್! ಕಂಡಿರಾ? ಹಿಡಿತ ಅಂದರೆ ಇದು!" ಎಂದು ಮರಳು ಕೊಡವಿಕೊಂಡು ಎದ್ದರು. ಎಂದರೆ, ಇಬ್ಬರು ಎಬ್ಬಿಸಿದರು. ಮತ್ತೆ ಕಾಲು ಚಾಚಿದರು, ಮತ್ತೆ ಬಿದ್ದರು, ಮತ್ತೆ ಭೇಷ್. ಪ್ರತಿ ಸಲ ಬಿದ್ದಾಗಲೂ ಅವರ ಮುಖದಲ್ಲಿ ಒಂದು ಸಂತೋಷ. ಬಿದ್ದವರಿಗೆ ಅಷ್ಟು ಸಂತೋಷವಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಾಯಕನ ಫ್ಲಾಸ್ಕಿನ ಚಹಾ ಕುಡಿದೆ. ಬಿಸಿಲು ಹಿತವಾಗಿತ್ತು. ಆ ದಿನ ನನಗೆ ಕಂಡದ್ದು ಬೀಳುವ ಗಂಡ ಮಾತ್ರ. ಹಿಡಿಯುವವನ ಕೈಯನ್ನು ನಾನು ನೋಡಲಿಲ್ಲ. ಯಾರೂ ನೋಡಲಿಲ್ಲ.

ಟೂರ್ನಮೆಂಟಿನ ದಿನ ಒಂದು ಒಳಾಂಗಣದಲ್ಲಿ ಹೊಸ ಮ್ಯಾಟು, ದೊಡ್ಡ ಲೈಟು, ಮೈಕಿನಲ್ಲಿ ತುಳು ಕಾಮೆಂಟರಿ. ಹೆಂಗಸರು ರೇಷ್ಮೆ ಸೀರೆ ಉಟ್ಟು ಬಂದಿದ್ದರು. ನಮ್ಮವರು ಮೊದಲ ಆಟಗಳನ್ನು ರೈಡರ್‌ಗಳ ಬಲದಲ್ಲಿ ಗೆದ್ದರು. ಸೆಮಿಫೈನಲಿನಲ್ಲಿ ಎದುರಾಳಿಯಾಗಿ ಬಂದವನೊಬ್ಬ ಸಣಕಲು ರೈಡರ್, ಗಾಳಿಪಟದ ಕಡ್ಡಿಯಂಥವನು. ಒಳಗೆ ಬಂದು ಕಾಲು ಚಾಚಿದ. ನಮ್ಮ ಕಾರ್ನರ್ ಸರಿಯಾದ ಗಳಿಗೆಯಲ್ಲಿ ಹಾರಿದ, ಕಣಕಾಲಿಗೆ ಸರಿಯಾಗಿ ಕೈ ಹಾಕಿದ. ಆ ಕಡ್ಡಿಯಂಥವನು ಒಮ್ಮೆ ಕಾಲು ಒದರಿ ಹೊರಟುಹೋದ. ಮತ್ತೊಮ್ಮೆ ಬಂದ, ಮತ್ತೆ ಹಾಗೆಯೇ ಆಯಿತು. ಅಂಕಣದ ಬದಿಯಲ್ಲಿ ಕುರ್ಚಿ ಹಾಕಿಕೊಂಡಿದ್ದ ನನ್ನ ಗಂಡ "ಎಳೆ! ಎದೆಗೆ ಎಳೆ ಮಾರಾಯ!" ಎಂದು ಬೊಬ್ಬೆ ಹೊಡೆಯುತ್ತಿದ್ದರು. ಮೂರನೆಯ ಸಲವೂ ಅವನು ಜಾರಿದಾಗ ಅವರ ಬೊಬ್ಬೆ ಅರ್ಧಕ್ಕೆ ನಿಂತಿತು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಅವರು ಆಟ ಬಿಟ್ಟು, ತಲೆ ತಗ್ಗಿಸಿ ತಮ್ಮ ಬಲಗಾಲನ್ನು ನೋಡುತ್ತಾ ಕೂತಿದ್ದರು.

ಸೋತೆವು. ವಾಪಸು ಬರುವಾಗ ನಾಯಕ ಕಾರಿನಲ್ಲಿ ಒಬ್ಬನೇ ಮಾತಾಡಿದ.

"ಅಂಪೈರ್ ಅವರ ಮಾವ ಇರಬೇಕು ಮಾಸ್ಟ್ರೇ. ಆ ಸಣಕಲ ಮೈಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ, ನಾನು ಕಣ್ಣಾರೆ ಕಂಡೆ. ತೆಂಗಿನೆಣ್ಣೆ. ವಾಸನೆ ಬರ್ತಾ ಇತ್ತು."

"ಅದು ನನ್ನ ವಾಸನೆ" ಎಂದರು ನನ್ನ ಗಂಡ. "ಮೊಣಕಾಲಿಗೆ ಹಚ್ಚಿದ್ದು."

ನಾಯಕ ತನ್ನ ಕಡೆಯ ಗಾಜು ಇಳಿಸಿದ.

ಮುಂದಿನ ಶುಕ್ರವಾರ ಅಭ್ಯಾಸ ಇರಲಿಲ್ಲ, ಊಟ ಇತ್ತು. ಸೋತ ಟೀಮಿಗೆ ಊಟ ತಪ್ಪಿಸಬಾರದು ಎಂಬುದು ನಮ್ಮ ಮನೆಯ ಕಾನೂನು. ಹಾಲ್ ತುಂಬ ಬೆನ್ನು ಬಾಗಿಸಿ ಕೂತ ಗಂಡಸರು. ಬಂಗುಡೆ ಗಸಿ, ಕುಚ್ಚಲಕ್ಕಿ ಅನ್ನ. ಯಾರೂ ಎರಡನೆಯ ಸಲ ಬಡಿಸಲು ಕೇಳಲಿಲ್ಲ. ಮಗಳು ಡ್ಯೂಟಿ ಮುಗಿಸಿ ಬಂದು ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದಳು. ನನ್ನ ಗಂಡ ಸೋಫಾದಲ್ಲಿ ಕೂತವರು ಕಾರ್ನರ್‌ನನ್ನು ಕೇಳಿದರು.

"ಯಾಕೆ ಬಿಟ್ಟೆ?"

ಅವನು ಅನ್ನ ಕಲಸುತ್ತಲೇ ಇದ್ದ.

"ಮ್ಯಾಟ್ ಜಾರ್ತಿತ್ತು ಮಾಸ್ಟ್ರೇ. ನಮ್ಮದು ಹಳೇ ಮ್ಯಾಟ್ ಅಲ್ವಾ, ಹೊಸದು ಅಭ್ಯಾಸ ಇಲ್ಲ" ಎಂದ ನಾಯಕ.

"ಮ್ಯಾಟ್ ಜಾರುವುದು ಕಾಲಿಗೆ. ಕೈಗಲ್ಲ. ನಿನ್ನತ್ರ ಕೇಳಿದ್ದಲ್ಲ, ನೀನು ಮೀನು ತಿನ್ನು." ಅವರು ಟೀಪಾಯಿಯ ಮೇಲಿದ್ದ ಪೇಪರು ಸರಿಸಿ ಬಲಗಾಲನ್ನು ಅದರ ಮೇಲಿಟ್ಟರು. ಪಂಚೆ ಮೊಣಕಾಲಿನವರೆಗೆ ಸರಿಸಿದರು. "ಕೈ ತೊಳೆದು ಬಾ. ಹಿಡಿ."

"ಪಪ್ಪಾ, ಪ್ಲೀಸ್" ಎಂದಳು ಮಗಳು.

ಕಾರ್ನರ್ ಕೈ ತೊಳೆದು ಬಂದು ಟೀಪಾಯಿಯ ಮುಂದೆ ಮೊಣಕಾಲೂರಿದ. ಎರಡೂ ಕೈ ಚಾಚಿ ಕಣಕಾಲು ಹಿಡಿದ. ಈ ಸಲ ನಾನು ಅವನ ಕೈ ನೋಡಿದೆ. ಪೆಟ್ಟಿಗೆ ಎತ್ತಿ ಎತ್ತಿ ಹಲಗೆಯಂತಾದ ಕೈ. ಆ ಬೆರಳುಗಳು ಕಾಲನ್ನು ಸುತ್ತಿದ್ದವು, ಒತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಮೊದಲ ಸಲ ಕೈಗೆ ಕೊಟ್ಟಾಗ ಅಪ್ಪಂದಿರು ಹಿಡಿಯುತ್ತಾರಲ್ಲ, ಹಾಗೆ.

"ಅವನನ್ನೂ ಹೀಗೇ ಹಿಡಿದದ್ದಾ?"

"ಹೌದು ಮಾಸ್ಟ್ರೇ."

"ಜೋರು ಹಿಡಿದೆ ಅಂತ ಅನ್ನಿಸಿತಾ?"

"ಅನ್ನಿಸಿತು. ಇಷ್ಟು ಹಿಡಿದರೆ ಬೀಳ್ತಾರೆ ಅಂತಲೇ ಕೈಗೆ ಗೊತ್ತಿರುವುದು."

"ಯಾರು ಕಲಿಸಿದ್ದು ನಿನ್ನ ಕೈಗೆ?"

ಅವನು ತಲೆ ಎತ್ತಲಿಲ್ಲ. ಕಾಲು ಬಿಡಲೂ ಇಲ್ಲ.

"ನಿಮ್ಮ ಕಾಲೇ" ಎಂದ. ಆಮೇಲೆ ಅಷ್ಟು ದಿನ ಆಡದ ಮಾತೆಲ್ಲ ಒಟ್ಟಿಗೆ ಬಂತು. "ಕೈ ತಾಗಿದರೆ ನೀವು ಬೀಳ್ತೀರಿ. ಹಿಡಿಯುವ ಮೊದಲೇ ಬೀಳ್ತೀರಿ. ಕಟಕ್ ಅಂತ ಕೇಳ್ತದೆ ನಂಗೆ, ಕೈಗೇ ಕೇಳ್ತದೆ. ಈಗಷ್ಟೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡ ಕಾಲು. ಅದನ್ನು ಹೇಗೆ ತಿರುಚುವುದು? ಎರಡು ವರ್ಷದಿಂದ ನಾನು ಜೋರು ಹಿಡಿಯಲೇ ಇಲ್ಲ. ಯಾರೂ ಹಿಡಿಯಲಿಲ್ಲ. ನೀವು ಭೇಷ್ ಅಂದಿರಿ. ನಾವು ಸುಮ್ಮನಿದ್ದೆವು."

ನನ್ನ ಗಂಡ ನಾಯಕನತ್ತ ತಿರುಗಿದರು. "ಹೌದಾ?"

ಜೋಕು ಮಾಡುವವನ ಮುಖ ಜೋಕಿಲ್ಲದಿದ್ದರೆ ಎಷ್ಟು ಚಿಕ್ಕದು ಎಂದು ಆಗ ತಿಳಿಯಿತು. "ಬಿಡಿ ಮಾಸ್ಟ್ರೇ, ಮುಂದಿನ ವರ್ಷ..." ಎಂದ.

"ಹೌದಾ ಅಂತ ಕೇಳಿದ್ದು."

"ಹೌದು."

"ಸರಿ." ಅವರು ಕಾಲನ್ನು ಇನ್ನಷ್ಟು ಮುಂದೆ ಚಾಚಿದರು. "ಈಗ ಹಿಡಿ. ನಾನು ಮಾಸ್ಟ್ರು ಅಲ್ಲ. ಆ ಸಣಕಲ. ಮೂರು ಸಲ ಜಾರಿ ಹೋದವ. ಹಿಡಿ, ಎಳೆ!"

ಅವನ ಮುಂಗೈಯ ನರಗಳು ಉಬ್ಬಿದವು. ಒಂದು ಕ್ಷಣ ನಿಜವಾಗಿ ಎಳೆದುಬಿಡುತ್ತಾನೆ ಎಂದು ನನಗೆ ಅನ್ನಿಸಿತು. ಮಗಳು ತಟ್ಟೆ ಕೆಳಗಿಟ್ಟು ಮುಂದೆ ಬಂದಳು. ಆದರೆ ಅವನ ಕೈ ಇದ್ದಲ್ಲೇ ಸಡಿಲವಾಯಿತು. "ಆಗುದಿಲ್ಲ ಮಾಸ್ಟ್ರೇ" ಎಂದು ಎದ್ದು, ಅಡುಗೆಮನೆಯ ಸಿಂಕಿನ ಮುಂದೆ ಹೋಗಿ ನಿಂತ. ನಲ್ಲಿ ಬಿಟ್ಟ. ತೊಳೆದ ಕೈಯನ್ನೇ ಮತ್ತೆ ತೊಳೆಯತೊಡಗಿದ.

ನನ್ನ ಗಂಡ ಎರಡೂ ಕೈಯಿಂದ ಕಾಲನ್ನು ಎತ್ತಿ ನೆಲಕ್ಕಿಳಿಸಿದರು. ಬೇರೆಯವರ ಸಾಮಾನು ಇಳಿಸಿದ ಹಾಗೆ. ಪಂಚೆ ಸರಿಮಾಡಿಕೊಂಡರು.

"ಖಲಾಸ್" ಎಂದರು. ಮಗಳತ್ತ ನೋಡಿ, "ಡಾಕ್ಟರ್ ಹತ್ತಿರ ಡೇಟ್ ತೆಗೆದುಕೋ" ಎಂದರು. ಅವಳು ಇಷ್ಟು ತಿಂಗಳು ಕಾದ ಮಾತು ಅದು. ಕೇಳಿದ ಮೇಲೆ ಅವಳು ಕೆಳಗಿಟ್ಟ ತಟ್ಟೆಯನ್ನೇ ಮತ್ತೆ ಕೈಗೆತ್ತಿಕೊಂಡಳು.

ಎಲ್ಲರೂ ಹೋದ ಮೇಲೆ ನಾನು ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದೆ. ಇವರು ಸೋಫಾದಲ್ಲೇ ಕೂತಿದ್ದರು. "ನಾನು ಅವರಿಗೆ ಕಲಿಸಿದ್ದಲ್ಲ. ಹಾಳು ಮಾಡಿದ್ದು" ಎಂದರು. ಇಲ್ಲ ಎನ್ನಬೇಕಿತ್ತು. ಮೈಯೆಲ್ಲ ಸೋತುಹೋಗಿತ್ತು, ಸುಳ್ಳು ಹೇಳುವಷ್ಟು ಶಕ್ತಿಯೂ ಉಳಿದಿರಲಿಲ್ಲ. "ಪ್ರೀತಿಯಿಂದ ಹಾಳಾದದ್ದು" ಎಂದೆ. "ಅದೇ ಹೆಚ್ಚು ಕೆಟ್ಟದ್ದು" ಎಂದರು.

ಆಪರೇಷನ್ ಚೆನ್ನಾಗಿ ಆಯಿತು. ಆ ಬಗ್ಗೆ ಬರೆಯುವಂಥದ್ದೇನಿಲ್ಲ, ಆಸ್ಪತ್ರೆಯ ಕಾಫಿ ಕೆಟ್ಟದಾಗಿತ್ತು ಎಂಬುದನ್ನು ಬಿಟ್ಟರೆ. ರಗ್ಬಿಯ ದೈತ್ಯ ಮರುದಿನವೇ ಬಂದು ಅವರನ್ನು ವಾಕರ್ ಹಿಡಿಸಿ ಎಬ್ಬಿಸಿದ. ಇವರು ಬಿಳಿಚಿಕೊಂಡು ಅವನಿಗೆ ತುಳುವಿನಲ್ಲಿ ಬೈದರು. ಅವನು ತನ್ನ ಇಂಗ್ಲಿಷಿನಲ್ಲಿ ಹುರಿದುಂಬಿಸಿದ. ಅಲ್ಲಿ ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ.

ಮನೆಗೆ ಬಂದ ಮೇಲಿನ ದಿನಗಳು ಉದ್ದವಾಗಿದ್ದವು. ಶುಕ್ರವಾರ ಹಾರ್ನ್ ಕೇಳಲಿಲ್ಲ. ಬ್ರೆಡ್ ತಿಂದು ಮಲಗುವ ಯೋಗ ಕೊನೆಗೂ ಬಂತು, ಮಲಗಿದೆ, ನಿದ್ದೆ ಬರಲಿಲ್ಲ. ಆಚೆ ಕೋಣೆಯಲ್ಲಿ ಇವರು ಟಿವಿಯ ಧ್ವನಿ ನಿಲ್ಲಿಸಿ ಯಾವುದೋ ಕಬಡ್ಡಿ ನೋಡುತ್ತಿದ್ದರು. ನಾಯಕ ಫೋನ್ ಮಾಡಿ, ಮಾಸ್ಟ್ರು ಇಲ್ಲದೆ ನಾವು ಮೈದಾನಕ್ಕೆ ಹೋಗುವುದಿಲ್ಲ ಎಂದದ್ದೇ ತಡ, ಇವರಿಗೆ ಎಲ್ಲಿಂದಲೋ ಧ್ವನಿ ಬಂತು.

"ಹೋಗದೆ? ಮನೆಯಲ್ಲಿ ಕೂತು ಮಾವಿನ ಮಿಡಿ ಕೊಯ್ತೀರಾ? ನೀನೇ ಕಾಲು ಕೊಡು. ನಿನಗೆ ಯಾರೂ ನಮಸ್ಕಾರ ಮಾಡುದಿಲ್ಲ, ಅದು ಒಳ್ಳೇದು. ಅವನು ಹಿಡಿಯಲಿ."

ನಾಯಕ ಅಭ್ಯಾಸದ ವಿಡಿಯೋ ಕಳಿಸಿದ. ಇವರು ಕನ್ನಡಕ ಏರಿಸಿ ಇಳಿಸಿ ನೋಡಿ ಫೋನನ್ನು ನನ್ನ ಕೈಗೆ ಕೊಟ್ಟರು. "ಇದರಲ್ಲಿ ಎಂತ ಗೊತ್ತಾಗ್ತದೆ? ಎಲ್ಲರೂ ಚೆಂದ ಬೀಳ್ತಾರೆ. ನಾನೂ ಚೆಂದವೇ ಬೀಳ್ತಿದ್ದೆ. ನೀನು ಹೋಗಿ ನೋಡಿ ಬಾ."

"ನಾನಾ? ಫಾರ್ ಹೆವನ್ಸ್ ಸೇಕ್, ನನಗೇನು ಗೊತ್ತು?"

"ಅವನ ಕೈ ನೋಡು. ಬೇರೆ ಎಂತದೂ ನೋಡಬೇಡ."

ಹೋದೆ. ಅರವತ್ತೈದು ದಾಟಿದ ಹೆಂಗಸು, ಬಿಪಿ ಮಾತ್ರೆ ನುಂಗಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಧೂಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಗಂಡಸರ ಕೈ ನೋಡಲು ಕೂತೆ. ನಮ್ಮ ಸಿಸ್ಟರ್‌ಗಳು ಮೇಲಿನಿಂದ ನೋಡುತ್ತಿದ್ದರೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು.

ನಾಯಕ ಒಳಗೆ ಬಂದು ಕಾಲು ಚಾಚಿದ. ಕಾರ್ನರ್ ಹಾರಿ ಹಿಡಿದ. ನಾಯಕ "ಅಯ್ಯಯ್ಯೋ ಸತ್ತೆ!" ಎಂದು ನಾಟಕದವನಂತೆ ಉರುಳಿದ. ಎಲ್ಲರೂ ನಕ್ಕರು. ನಾನು ಕೈ ನೋಡಿದೆ. ಅದೇ ಕೂಸು ಹಿಡಿದ ಕೈ. ಇನ್ನೊಮ್ಮೆ ಮಾಡಿಸಿದರು, ಹಾಗೆಯೇ ಆಯಿತು.

"ಸ್ಟಾಪ್" ಎಂದೆ. ಕ್ಲಾಸಿನ ಧ್ವನಿ ಇಷ್ಟು ವರ್ಷದ ಮೇಲೂ ಗಂಟಲಲ್ಲೇ ಇತ್ತು. ಎಲ್ಲರೂ ನಿಂತುಬಿಟ್ಟರು. "ನೀವು ಬೀಳ್ತಾ ಇದ್ದೀರಿ. ಅವರು ಬೀಳಿಸ್ತಾ ಇಲ್ಲ. ನೀವು ಬೀಳಬೇಡಿ."

"ಟೀಚರ್, ನಾನೇನು ಬೇಕೂಂತ..."

"ಬೀಳಬೇಡಿ ಅಂದೆ. ಓಡಿ. ಅವರು ಬಿಡದಿದ್ದರೆ ಮಾತ್ರ ಬೀಳಿ."

ನಾಯಕ ತಲೆ ಕೆರೆದುಕೊಂಡು ಮತ್ತೆ ಒಳಗೆ ಬಂದ. ಕಾಲು ಚಾಚಿದ, ಕಾರ್ನರ್ ಹಿಡಿದ, ನಾಯಕ ಬೀಳದೆ ಕಾಲು ಕಿತ್ತು ಗೆರೆ ದಾಟಿದ. ಕಾರ್ನರ್ ತನ್ನ ಖಾಲಿ ಕೈಗಳನ್ನು ನೋಡಿಕೊಂಡ. ಮುಂದಿನ ಸಲವೂ ಹಾಗೇ ಆಯಿತು. ನಾಯಕ ಓಡಿಹೋಗಿ ಆಚೆಯಿಂದ ಗೇಲಿ ಮಾಡಿದ. "ಎಂತ ಮಾರಾಯ, ತೊಂಡೆಕಾಯಿ ಪೆಟ್ಟಿಗೆಯಾದರೂ ಇದಕ್ಕಿಂತ ಗಟ್ಟಿ ಹಿಡೀತಿಯಲ್ಲಾ! ನಿನ್ನ ಕಫೀಲ್ ನೋಡಿದರೆ ಕೆಲಸದಿಂದ ತೆಗೀತಾನೆ!" ಕಾರ್ನರ್‌ನ ಕಿವಿ ಕೆಂಪಾದವು. ಮತ್ತೆ ಬಂದಾಗ ಅವನು ಹಾರಿದ್ದು ನನಗೆ ಸರಿಯಾಗಿ ಕಾಣಲೇ ಇಲ್ಲ. ಮ್ಯಾಟಿನ ಮೇಲೆ ಧಡ್ಡೆಂದು ಸದ್ದಾಯಿತು. ನಾಯಕನ ಕಾಲು ಕಾರ್ನರ್‌ನ ಎದೆಯ ಮೇಲಿತ್ತು, ನಾಯಕನ ಗಲ್ಲ ನೆಲದ ಮೇಲಿತ್ತು. "ಬಿಡೋ! ಬಿಡು ಬೇವರ್ಸಿ! ಅಮ್ಮಾ!" ಎಂದು ಅವನು ಮ್ಯಾಟು ಬಡಿಯುತ್ತಿದ್ದರೂ ಕಾರ್ನರ್ ಬಿಡಲಿಲ್ಲ. ಬಿಟ್ಟಾಗ ಕಣಕಾಲಿನಲ್ಲಿ ಬೆರಳುಗಳ ಕೆಂಪು ಗುರುತು ಎದ್ದಿತ್ತು. ಕಾರ್ನರ್ ಹೆದರಿ, "ನೋವಾಯ್ತಾ? ಸಾರಿ, ನೋವಾಯ್ತಾ?" ಎಂದು ಕೇಳುತ್ತಲೇ ಇದ್ದ.

ಜಾಬ್ರಿಯಾಕ್ಕೆ ಮರಳುವ ದಾರಿಯಲ್ಲಿ ನಾಯಕ ಬ್ರೇಕು ಒತ್ತಿದಾಗಲೆಲ್ಲ ನರಳಿದ. ನನ್ನ ಸೊಂಟವೂ ಹಿಡಿದುಕೊಂಡಿತ್ತು. ಮನೆಗೆ ಬಂದಾಗ ಇವರು ವಾಕರ್ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಬೊಬ್ಬೆ ಹೊಡೆದನಾ?"

"ಹೊಡೆದ. ಅಮ್ಮನನ್ನು ಕರೆದ. ಬೇವರ್ಸಿ ಅಂದ."

"ಯಾರನ್ನು?"

"ಹಿಡಿದವನನ್ನು."

ಅವರು ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತರು. "ಹೇಗೆ ಹಿಡಿದ? ಬಾಯಲ್ಲಿ ಹೇಳು."

ಹೇಳಿದೆ. ಹಾರಿದ, ಎರಡೂ ಕೈ ಹಾಕಿದ, ಎದೆಗೆ ಎಳೆದುಕೊಂಡ. ಹೆಬ್ಬೆರಳು ಎಲ್ಲಿತ್ತು ಎಂದರು. ಬೆರಳುಗಳ ಮೇಲೆ ಇರಬೇಕು ಎಂದೆ. "ಮೇಲೆ ಅಂದರೆ ಎಷ್ಟು ಮೇಲೆ? ಹಾಗಿದ್ದರೆ ಜಾರ್ತದೆ. ಹಾಗಲ್ಲ ಮಾರಾಯ್ತಿ, ಹೀಗೆ" ಎಂದು ನನ್ನ ಮುಂಗೈ ಎಳೆದುಕೊಂಡು ಎರಡೂ ಕೈಯಿಂದ ಹಿಡಿದರು. ನಾಲ್ಕು ದಶಕ ಅವರ ಜೊತೆ ಇದ್ದೇನೆ, ಆ ಹಿಡಿತವನ್ನು ನನ್ನ ಮೈ ಮೇಲೆ ಎಂದೂ ಕಂಡಿರಲಿಲ್ಲ. ಬಳೆ ಮೂಳೆಗೆ ಒತ್ತಿತು.

"ನೋಯ್ತದೆ" ಎಂದೆ.

"ನೋಯ್ಬೇಕು. ಹೆಬ್ಬೆರಳು ಎಲ್ಲಿ ಉಂಟು, ನೋಡಿಕೊಂಡಿಯಾ? ಮುಂದಿನ ಶುಕ್ರವಾರ ಹೋಗಿ ಅವನ ಕೈ ಹಿಡಿದು ಇದನ್ನೇ ತೋರಿಸು."

"ನಾನು ಹೋಗುವುದಿಲ್ಲ. ನನಗೆ ಆಗುದಿಲ್ಲ, ಸುಸ್ತು" ಎಂದೆ. ಅವರು ಒಂದು ಕೈಯನ್ನು ಮಾತ್ರ ಬಿಡಿಸಿಕೊಂಡರು. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ, ತಮ್ಮ ಮುಂಗೈಯ ಸುತ್ತ ಇಟ್ಟುಕೊಂಡು, ಹೆಬ್ಬೆರಳನ್ನು ಎಲ್ಲಿಗೆ ತರಬೇಕೆಂದು ತೋರಿಸುತ್ತಿದ್ದರು. ಆಯಾಸದಲ್ಲೇ ಒಮ್ಮೆ ಒತ್ತಿ ನೋಡಿದೆ.

"ಇನ್ನೂ ಜೋರು" ಎಂದರು.